ಗೆಡೆಯ ಬಾವಿಯ ಬಳಿಯಿಂದ

ಮೊಂಬಾಸಾ

ಪ್ರೀತಿಯ ಗೆಳೆಯಾ,

ಭಾನುವಾರ ಗೆಡೆಗೆ ಹೋಗಿ ಬಂದೆ. ಕೀನ್ಯಾದ ಕರಾವಳಿಯಲ್ಲಿ, ಮಾಲಿಂದಿಗೆ ತುಸು ದಕ್ಷಿಣದಲ್ಲಿ, ಇಲ್ಲಿನ ಕರಾವಳಿಯ ಸ್ವಾಹಿಲಿ ಜನರ, ಕಾಡು ನುಂಗಿದ ಹಳೆಯ ಊರು ಅದು. ಬಂದಾಗಿನಿಂದ ನಿನ್ನದೇ ನೆನಪು. ಏಕೆಂದು ಮುಂದೆ ಹೇಳುತ್ತೇನೆ.

ಗೋಡೆಗಳೆಲ್ಲ ಹವಳದ ಕಲ್ಲಿನವು, ಸುಣ್ಣದ ಗಾರೆ ಹಾಕಿ ಕಟ್ಟಿದವು. ಸವರಿದರೆ ಕಲ್ಲಿನ ಸಣ್ಣ ಸಣ್ಣ ತೂತುಗಳು ಬೆರಳಿಗೆ ತಾಗುತ್ತವೆ. ಒಂದು ಗೋರಿಯ ಮೇಲೆ ಹಿಜರಿ 802 ಎಂಬ ಕೆತ್ತನೆಯಿದೆ. ನಮ್ಮ ಲೆಕ್ಕಕ್ಕೆ 1399. ಮಸೀದಿ, ಅರಮನೆ, ಮನೆಮನೆಗೂ ಬಚ್ಚಲು. ಇಷ್ಟೆಲ್ಲ ಇದ್ದ ಊರಿನಲ್ಲಿ ಈಗ ಗೋಡೆಯಿಂದ ಗೋಡೆಗೆ ಹಾರುವ ಕೋತಿಗಳದೇ ಸದ್ದು.

ಮನೆಗಳ ಯಜಮಾನರು ಯಾರೆಂದು ಯಾರಿಗೂ ತಿಳಿಯದು. 1948ರಿಂದ ಸುಮಾರು ಹತ್ತು ವರ್ಷ ಇಲ್ಲಿ ಉತ್ಖನನ ನಡೆಸಿದ ಜೇಮ್ಸ್ ಕರ್ಕ್‌ಮನ್ ಅವರ ಕಾಲದಿಂದ, ಮಣ್ಣಿನಲ್ಲಿ ಸಿಕ್ಕ ವಸ್ತುವೇ ಮನೆಯ ಹೆಸರಾಗಿದೆ: ಕತ್ತರಿಯ ಮನೆ, ಕವಡೆಯ ಮನೆ, ದಂತದ ಪೆಟ್ಟಿಗೆಯ ಮನೆ. ಕಬ್ಬಿಣದ ದೀಪದ ಮನೆಯೂ ಒಂದಿದೆ. ಆ ದೀಪ ನಮ್ಮ ದೇಶದಿಂದ ಹಡಗೇರಿ ಬಂದದ್ದಂತೆ. ಸಂಜೆ ಅದಕ್ಕೆ ಎಣ್ಣೆ ಹಾಕುತ್ತಿದ್ದ ಕೈ ಯಾರದೋ ಎಂದುಕೊಳ್ಳುತ್ತ ಆ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತಿದ್ದೆ.

ಆದರೆ ನನ್ನನ್ನು ಅಲ್ಲಾಡಿಸಿದ್ದು ದೊಡ್ಡ ಮಸೀದಿಯ ಪಕ್ಕದ ಬಾವಿ. ಅದನ್ನು ತೋಡಿದ ಮೇಲೆ ಮತ್ತೊಮ್ಮೆ ಆಳ ಮಾಡಿದ್ದಾರೆ. ನೀರು ಕೆಳಗಿಳಿಯುತ್ತ ಹೋಗಿತ್ತು ಎನ್ನಲು ವಿದ್ವಾಂಸರು ತೋರಿಸುವ ಗುರುತು ಅದೇ. ನಿಮ್ಮ ಹಿತ್ತಲ ಬಾವಿ ಬತ್ತಿದ ಬೇಸಿಗೆ ನಿನ್ನ ಅಪ್ಪ ಬಂಡೆ ಒಡೆಸಿ ಇನ್ನಷ್ಟು ಇಳಿಸಿದರಲ್ಲ, ದಿನವೂ ಬೆಳಗ್ಗೆ ಕಟ್ಟೆಯ ಮೇಲೆ ಬಗ್ಗಿ ಒಂದು ಹರಳು ಎಸೆದು ಸದ್ದಿಗೆ ಕಿವಿಗೊಡುತ್ತಿದ್ದರಲ್ಲ, ಅದು ಕಣ್ಣಮುಂದೆ ಬಂತು. ಇಲ್ಲಿಯೂ ಯಾರೋ ಹಾಗೆಯೇ ಬಗ್ಗಿ ನೋಡಿರಬೇಕು.

ಹದಿನೇಳನೆಯ ಶತಮಾನದ ಮೊದಲ ಭಾಗಕ್ಕೆ ಊರು ಖಾಲಿಯಾಯಿತು. ಉತ್ತರದಿಂದ ಒರೊಮೊ ಎಂಬ ದನಗಾಹಿ ಜನ ಒತ್ತಿಕೊಂಡು ಬಂದದ್ದೂ ಕಾರಣ ಎನ್ನುತ್ತಾರೆ. ನನ್ನ ಮನಸ್ಸು ಮಾತ್ರ ನೀರಿನ ಕಡೆಗೇ ವಾಲುತ್ತದೆ. ಗೆಡೆ ಎಂಬ ಹೆಸರು ಕೂಡ ಒರೊಮೊ ಭಾಷೆಯದಂತೆ, ‘ಅಮೂಲ್ಯ’ ಎಂಬ ಅರ್ಥದ್ದು. ಹತ್ತಿರದ ಮಾಲಿಂದಿಯಲ್ಲಿ ಅಷ್ಟು ಕಾಲ ಬೀಡುಬಿಟ್ಟಿದ್ದ ಪೋರ್ಚುಗೀಸರ ಬರಹಗಳಲ್ಲಿ ಈ ಊರಿನ ಪ್ರಸ್ತಾಪವೇ ಇಲ್ಲ. 2024ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೇಳಿ ನನ್ನ ಮನೆಯ ಸುದ್ದಿಯಷ್ಟೇ ಸಂತೋಷವಾಯಿತು.

ಹೊರಡುವಾಗ ಒಂದು ದೈತ್ಯ ಮರ ಕಂಡು ಕಾಲು ನಿಂತವು. ಸವಣೂರಿನ ದೊಡ್ಡಹುಣಸೆ ಮಠದಲ್ಲಿ ನಾವು ಹುಡುಗರೆಲ್ಲ ಕೈ ಕೈ ಹಿಡಿದು ಸುತ್ತು ಮುಗಿಸಲಾರದೆ ನಕ್ಕ ಮರದ ಜಾತಿಯೇ! ಆಫ್ರಿಕಾದಿಂದ ಬಂದ ಮರ ಎಂದು ಅಲ್ಲಿ ಹೇಳಿದ್ದರು, ನಾವು ನಂಬಿರಲಿಲ್ಲ. ಇಂಗ್ಲಿಷಿನಲ್ಲಿ ಬಾವೊಬಾಬ್ ಎನ್ನುವ ಅದನ್ನು ಇಲ್ಲಿಯವರು ಮ್ಬುಯು ಮರ ಎನ್ನುತ್ತಾರೆ. ಅದರ ಬೀಜಕ್ಕೆ ಸಕ್ಕರೆ, ಕೆಂಪು ಬಣ್ಣ ಹಚ್ಚಿ ಬೀದಿಯಲ್ಲಿ ಮಾರುತ್ತಾರೆ. ಒಂದು ಪೊಟ್ಟಣ ಕಟ್ಟಿಟ್ಟಿದ್ದೇನೆ, ಊರಿಗೆ ಬರುವವರ ಕೈಯಲ್ಲಿ ಕಳುಹಿಸುತ್ತೇನೆ. ಮೊದಲು ಸಿಹಿಯೆನಿಸುತ್ತದೆ, ಚೀಪುತ್ತಿರು. ಆಮೇಲೆ ಹುಣಸೆಯ ಹುಳಿ ಬರುತ್ತದೆ.

ನಿನ್ನ ಗೆಳೆಯ