ಜಾರ್ಜ್ ವಿತ್ ಕೊಲೆ ಮೊಕದ್ದಮೆ ಮತ್ತು ನಮ್ಮ ಹಾಡಿಗಳ ಸಾಕ್ಷ್ಯ

ಮಾನ್ಯ ಸಂಪಾದಕರೇ,

ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ ತುಂಬಿದ ಬಗ್ಗೆ ನೀವು ಪ್ರಕಟಿಸಿದ ಲೇಖನ ಓದಿದೆ. ಜೆಫರ್ಸನ್, ಫ್ರಾಂಕ್ಲಿನ್, ಆಡಮ್ಸ್ ಎಲ್ಲರೂ ಇದ್ದರು. ಜೆಫರ್ಸನ್ನರಿಗೆ ಕಾನೂನು ಕಲಿಸಿದ ಜಾರ್ಜ್ ವಿತ್ ಮಾತ್ರ ಇರಲಿಲ್ಲ. ಘೋಷಣಾ ಪತ್ರದಲ್ಲಿ ವರ್ಜೀನಿಯಾದವರ ಸಹಿಗಳ ಪೈಕಿ ಮೊದಲನೆಯದು ವಿತ್ ಅವರದು. ಶಿಷ್ಯನ ಸಹಿ ಅದರ ಕೆಳಗಿದೆ. ಜಾಗ ಸಾಲದೆ ಬಿಟ್ಟಿರಬಹುದು, ದೂರುವುದಿಲ್ಲ. ಆದರೆ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುತ್ತಲೇ ಕೋರ್ಟಿನ ನೌಕರಿ ಮುಗಿಸಿದ ನನ್ನಂಥವನಿಗೆ ಆ ಗುಂಪಿನಲ್ಲಿ ಮುಖ್ಯರಾದವರು ಅವರೇ. ಕಣ್ಣಾರೆ ಕಂಡವರ ಮಾತು ಕಡತ ಸೇರದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಅವರ ಸಾವಿನ ಮೊಕದ್ದಮೆಯನ್ನಂತೂ ಕೊಡಗಿನ ಅಧಿಕಾರಿಗಳು ಒಮ್ಮೆ ಓದಲೇಬೇಕು.

ವಿತ್ ಹುಟ್ಟಿದ್ದು 1726ರಲ್ಲಿ. 1778ರಲ್ಲಿ ವರ್ಜೀನಿಯಾ ರಾಜ್ಯದ ಚಾನ್ಸರಿ (ಕಾನೂನಿನ ಅಕ್ಷರಕ್ಕಿಂತ ನ್ಯಾಯದ ಔಚಿತ್ಯ ನೋಡುವ) ನ್ಯಾಯಾಲಯದ ಮೂವರು ನ್ಯಾಯಾಧೀಶರಲ್ಲಿ ಒಬ್ಬರಾದರು, ಮುಂದೆ ಒಬ್ಬರೇ ಆ ಪೀಠ ನಡೆಸಿದರು, ಸಾಯುವವರೆಗೂ ನ್ಯಾಯಾಧೀಶರಾಗಿಯೇ ಇದ್ದರು. 1779ರಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಅಮೆರಿಕದ ಮೊದಲ ಕಾನೂನು ಪ್ರಾಧ್ಯಾಪಕರಾದರು. ಅವರ ಪಾಠ ಕೇಳಿದವರಲ್ಲಿ ಜಾನ್ ಮಾರ್ಷಲ್ ಒಬ್ಬರು. ಮುಂದೆ ಆ ದೇಶದ ಮುಖ್ಯ ನ್ಯಾಯಮೂರ್ತಿಯಾದವರು. ಶಾಸನಸಭೆ ಮೇರೆ ಮೀರಿದರೆ ಸಂವಿಧಾನವನ್ನು ತೋರಿಸಿ ‘ಇಲ್ಲಿಗೆ ನಿಲ್ಲು’ ಎನ್ನುವುದು ನ್ಯಾಯಾಧೀಶನ ಕೆಲಸ ಎಂದು ವಿತ್ 1782ರ ಒಂದು ಮೊಕದ್ದಮೆಯಲ್ಲೇ ಹೇಳಿದ್ದರು. ಮಾರ್ಷಲ್ ಅದನ್ನೇ ದೇಶದ ಕಾನೂನಾಗಿಸಿದ್ದು 1803ರಲ್ಲಿ.

ಮನುಷ್ಯ ಜನಪ್ರಿಯತೆಗೆ ಬಗ್ಗುವವರಲ್ಲ. ಬ್ರಿಟಿಷ್ ವರ್ತಕರಿಗೆ ಕೊಡಬೇಕಿದ್ದ ಸಾಲವನ್ನು ವರ್ಜೀನಿಯಾದ ಅನೇಕರು ಯುದ್ಧಕಾಲದಲ್ಲಿ ಬೆಲೆ ಕಳೆದುಕೊಂಡ ಕಾಗದದ ಹಣವಾಗಿ ಸರ್ಕಾರದ ಕಚೇರಿಗೆ ಕಟ್ಟಿ, ರಶೀದಿ ಪಡೆದು ನಿಶ್ಚಿಂತರಾಗಿದ್ದರು. ಹಾಗೆ ಕಟ್ಟಿದ ಮಾತ್ರಕ್ಕೆ ಸಾಲ ತೀರುವುದಿಲ್ಲ ಎಂದು 1793ರಲ್ಲಿ ವಿತ್ ತೀರ್ಪಿತ್ತರು. ಊರಿನವರ ಮುಖ ಹೇಗಾಗಿರಬೇಕು ಊಹಿಸಿ. 1795ರಲ್ಲಿ ತಮ್ಮ ತೀರ್ಪುಗಳನ್ನು ಅಚ್ಚು ಹಾಕಿಸಿ, ಅವುಗಳಲ್ಲಿ ಕೆಲವನ್ನು ತಳ್ಳಿಹಾಕಿದ ಮೇಲಿನ ಕೋರ್ಟಿನ ತಪ್ಪುಗಳನ್ನು ಅದರಲ್ಲೇ ಎತ್ತಿ ತೋರಿಸಿದರು. ಮೇಲ್ಮನವಿಯಲ್ಲಿ ತೀರ್ಪು ಬಿದ್ದಾಗ ತುಟಿ ಬಿಗಿದು ಮುಂದಿನ ಕಡತ ಕೂಗಿಸುವ ನ್ಯಾಯಾಧೀಶರನ್ನಷ್ಟೇ ಕಂಡ ನನಗೆ ಇದನ್ನು ಓದಿ ನಗು ಬಂತು.

ಅವರ ದೊಡ್ಡ ತೀರ್ಪು ಬಂದದ್ದು ಕೊನೆಗಾಲದಲ್ಲಿ. ರೈಟ್ ಎಂಬ ಕುಟುಂಬದ ಅಜ್ಜಿ, ಮಗಳು, ಮೊಮ್ಮಗಳು ತಾವು ಗುಲಾಮರಲ್ಲ, ಅಮೆರಿಕದ ಮೂಲನಿವಾಸಿ ಹೆಂಗಸಿನ ಸಂತತಿ ಎಂದು ಕೋರ್ಟಿಗೆ ಬಂದರು. ವರ್ಜೀನಿಯಾದ 1776ರ ಹಕ್ಕುಗಳ ಘೋಷಣೆ ಎಲ್ಲರೂ ಸ್ವತಂತ್ರರು ಎಂದಿದೆ. ಆದ್ದರಿಂದ ಇವರು ನನ್ನ ಗುಲಾಮರು ಎನ್ನುವವನೇ ಅದನ್ನು ರುಜುವಾತುಪಡಿಸಬೇಕು ಎಂದರು ವಿತ್. ಮೂವರೂ ಬಿಡುಗಡೆಯಾದರು. 1806ರ ಕೊನೆಯಲ್ಲಿ ಮೇಲಿನ ಕೋರ್ಟು ಬಿಡುಗಡೆಯನ್ನು ಎತ್ತಿ ಹಿಡಿಯಿತು, ಆದರೆ ಆ ತತ್ತ್ವ ಕರಿಯರಿಗೆ ಅನ್ವಯಿಸದು ಎಂದು ಹೇಳಿತು. ಹಾಗೆ ಹೇಳಿದವರಲ್ಲಿ ಅವರ ಶಿಷ್ಯ ಸೇಂಟ್ ಜಾರ್ಜ್ ಟಕರ್ ಕೂಡ ಇದ್ದರು. ಅದನ್ನು ಕೇಳಲು ವಿತ್ ಬದುಕಿರಲಿಲ್ಲ.

1806ರ ಮೇ 25ರ ಬೆಳಿಗ್ಗೆ ರಿಚ್‌ಮಂಡ್‌ನ ಅವರ ಮನೆಯಲ್ಲಿ ಮೂವರು ಕುಡಿದ ಕಾಫಿಯಲ್ಲಿ ಪಾಷಾಣವಿತ್ತು. ಆ ಮೂವರು: ಎಂಬತ್ತರ ಅಂಚಿನಲ್ಲಿದ್ದ ವಿತ್, ಅವರೇ ಗ್ರೀಕ್, ಲ್ಯಾಟಿನ್ ಕಲಿಸುತ್ತಿದ್ದ ಮೈಕೆಲ್ ಬ್ರೌನ್ ಎಂಬ ಮಿಶ್ರ ವರ್ಣದ ಹುಡುಗ, ಮತ್ತು ಅಡುಗೆ ನೋಡಿಕೊಳ್ಳುತ್ತಿದ್ದ ಲಿಡಿಯಾ ಬ್ರಾಡ್ನಾಕ್ಸ್. ಲಿಡಿಯಾ ಮೊದಲು ವಿತ್ ಅವರ ಗುಲಾಮಳಾಗಿದ್ದವರು. 1787ರಲ್ಲಿ ವಿತ್ ಆಕೆಯನ್ನು ಬಿಡುಗಡೆ ಮಾಡಿದ್ದರು. ವಿತ್ ಅವರ ತಂಗಿಯೋ ಅಕ್ಕನೋ, ಒಟ್ಟಿನಲ್ಲಿ ಒಡಹುಟ್ಟಿದವಳ ಮೊಮ್ಮಗ ಜಾರ್ಜ್ ಸ್ವೀನಿ ಅದೇ ಮನೆಯಲ್ಲಿದ್ದ. ಸಾಲದಲ್ಲಿ ಮುಳುಗಿದ್ದ, ಮುದುಕರ ಹೆಸರಿನಲ್ಲಿ ಖೋಟಾ ಚೆಕ್ಕು ಬರೆದಿದ್ದ, ಉಯಿಲಿನಲ್ಲಿ ಪಾಲುದಾರನೂ ಆಗಿದ್ದ. ಅವನು ಕಾಫಿ ಪಾತ್ರೆಯ ಬಳಿ ಬಂದು, ತಾನೊಂದಿಷ್ಟು ಬಗ್ಗಿಸಿಕೊಂಡು, ಬಿಳಿಯ ಕಾಗದದ ತುಂಡೊಂದನ್ನು ಒಲೆಯ ಬೆಂಕಿಗೆ ಎಸೆದದ್ದನ್ನು ಲಿಡಿಯಾ ಕಣ್ಣಾರೆ ಕಂಡರು. ಜೂನ್ 1ರಂದು ಹುಡುಗ ಸತ್ತ. ವಿತ್ ಅಂದೇ ಉಯಿಲು ತಿದ್ದಿಸಿ ಸ್ವೀನಿಗೆ ಚಿಕ್ಕಾಸೂ ಇಲ್ಲದಂತೆ ಮಾಡಿ, ಜೂನ್ 8ರಂದು ಪ್ರಾಣ ಬಿಟ್ಟರು. ಲಿಡಿಯಾ ಬದುಕಿ ಉಳಿದರು.

ಸೆಪ್ಟೆಂಬರಿನಲ್ಲಿ ಕೊಲೆ ವಿಚಾರಣೆ ನಡೆಯಿತು. ಸ್ವೀನಿಯ ಪರ ನಿಂತವರಲ್ಲಿ ಒಬ್ಬರು ದೇಶದ ಮೊದಲ ಅಟಾರ್ನಿ ಜನರಲ್ ಆಗಿದ್ದ ಎಡ್ಮಂಡ್ ರಾಂಡಾಲ್ಫ್. ಲಿಡಿಯಾ ಅವರ ಹೇಳಿಕೆಯನ್ನು ಕೋರ್ಟು ಪಡೆಯುವಂತಿರಲಿಲ್ಲ. ಬಿಳಿಯನ ವಿರುದ್ಧ ಕರಿಯರು ಸಾಕ್ಷಿ ಹೇಳಬಾರದು ಎಂಬುದು ವರ್ಜೀನಿಯಾದ ಕಾನೂನು. ಸ್ವೀನಿ ಖುಲಾಸೆಯಾದ. ಆ ಕಾನೂನು ಬ್ರಿಟಿಷರು ಬಿಟ್ಟುಹೋದ ಹಳೆಯ ಕಾಗದ ಎಂದು ನಾನು ತಿಳಿದಿದ್ದೆ. ಆದರೆ ಸ್ವಾತಂತ್ರ್ಯ ಬಂದ ಮೇಲೆ ರಾಜ್ಯದ ಕಾಯಿದೆಗಳನ್ನೆಲ್ಲ ಪರಿಷ್ಕರಿಸಿದ ಸಮಿತಿಯ ಕರಡಿನಲ್ಲೇ ಆ ಸಾಲು ಇತ್ತು, 1785ರಲ್ಲಿ ಅದು ಮತ್ತೆ ಕಾಯಿದೆಯಾಯಿತು. ಆ ಕರಡು ಸಿದ್ಧಪಡಿಸಿದವರು ಜೆಫರ್ಸನ್, ಪೆಂಡಲ್ಟನ್ ಮತ್ತು ಸ್ವತಃ ಜಾರ್ಜ್ ವಿತ್.

ಇಷ್ಟು ಬರೆದದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಕಾನೂನು ವರ್ಜೀನಿಯಾದಂತಿಲ್ಲ, ಬಹಳ ಉದಾರವಾಗಿದೆ. ಕಾಡಿನಲ್ಲಿ ಬಾಳುತ್ತ ಬಂದವರಿಗೆ ಅವರ ನೆಲದ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮ 13ರ ಪ್ರಕಾರ ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದು ಸಾಕ್ಷ್ಯ. ಮನೆ, ಬದು, ಬಾವಿ, ಸಮಾಧಿ, ದೇವರ ಜಾಗ ಇವೂ ಸಾಕ್ಷ್ಯ. ಇಂಥ ಒಂದಕ್ಕಿಂತ ಹೆಚ್ಚು ಸಾಕ್ಷ್ಯಗಳನ್ನು ಪರಿಗಣಿಸಬೇಕು ಎಂದಿದೆಯೇ ಹೊರತು, ಸರ್ಕಾರಿ ಕಾಗದ ಇದ್ದೇ ತೀರಬೇಕು ಎಂದು ಎಲ್ಲೂ ಇಲ್ಲ.

ನಡೆಯುವುದು ಬೇರೆ. ದಕ್ಷಿಣ ಕೊಡಗಿನ ಒಂದು ಹಾಡಿಯ (ಆದಿವಾಸಿಗಳ ವಸತಿಯ) ಗ್ರಾಮಸಭೆಗೆ ಪರಿಚಿತರೊಬ್ಬರು ನನ್ನನ್ನು ಕರೆದೊಯ್ದಿದ್ದರು. ಜೇನು ಕುರುಬರ ಅಜ್ಜಿಯೊಬ್ಬರು ನೆರೆಮನೆಯವರ ಅರ್ಜಿಗೆ ಸಾಕ್ಷಿ ಹೇಳಲು ಎದ್ದು, ನಿಂತಲ್ಲಿಂದಲೇ ಕೈ ಚಾಚಿ ತೋರಿಸಿದರು: ಹಲಸಿನ ಮರದಾಚೆ ಅವರ ಅತ್ತೆಯ ಸಮಾಧಿ, ಅದರ ಕೆಳಗೆ ರಾಗಿ ಬೆಳೆಯುತ್ತಿದ್ದ ಜಾಗ, ಆನೆ ಬಂದ ವರ್ಷ ಬಿದ್ದ ಗೋಡೆ. ಅಡ್ಡ ಪ್ರಶ್ನೆ ಹಾಕಿದರೂ ಒಂದು ಮಾತು ಹಿಂದೆಮುಂದೆ ಆಗಲಿಲ್ಲ. ಕೋರ್ಟಿನಲ್ಲಿ ಇಷ್ಟು ನಿಚ್ಚಳವಾಗಿ ಹೇಳಿದ ಸಾಕ್ಷಿಗಳು ಅಪರೂಪ. ಮೇಜಿನ ಹಿಂದೆ ಕುಳಿತಿದ್ದ ನೌಕರ ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. ‘ಅಜ್ಜಿ, ದಾಖಲೆ ಏನಿದೆ?’ ಎಂದಷ್ಟೇ ಕೇಳಿದ. ಕೆಲವು ತಿಂಗಳ ನಂತರ ಹಿಂಬರಹ ಬಂತು: ಸೂಕ್ತ ದಾಖಲೆ ಒದಗಿಸದ ಕಾರಣ ಅರ್ಜಿ ತಿರಸ್ಕರಿಸಿದೆ. ಆ ಅಜ್ಜಿ ಹೇಳಿದ್ದರ ಒಂದಕ್ಷರವೂ ಕಡತದಲ್ಲಿರಲಿಲ್ಲ.

ನೌಕರನೊಬ್ಬನನ್ನು ದೂರಿ ಫಲವಿಲ್ಲ. ಯಾವ ನಮೂನೆಯಲ್ಲಿ ಬರೆದುಕೊಳ್ಳಬೇಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಾರರು. ಆದ್ದರಿಂದ ಎರಡು ಕೋರಿಕೆ. ನಿಯಮ 13ರ ಪಟ್ಟಿಯನ್ನು ಪೂರ್ತಿಯಾಗಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ನಿಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿ. ಹಾಡಿಯವರು ಕತ್ತರಿಸಿ ಸಭೆಗೆ ಒಯ್ಯಲಿ. ಇನ್ನು ಜಿಲ್ಲಾಡಳಿತ ಪ್ರತಿ ಗ್ರಾಮಸಭೆಗೂ ಹಿರಿಯರ ಹೇಳಿಕೆ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡು, ಒಂದು ಪ್ರತಿಯನ್ನು ಅಲ್ಲೇ ಕೊಡಬಲ್ಲ ಒಬ್ಬರನ್ನು ಕಳುಹಿಸಲಿ. ಸಿಬ್ಬಂದಿ ಕೊರತೆ ಎಂಬ ಉತ್ತರ ಬರುತ್ತದೆ ಎಂದು ಗೊತ್ತು. ನಿವೃತ್ತ ಕೋರ್ಟು ನೌಕರರು ಈ ಜಿಲ್ಲೆಯಲ್ಲಿ ಸಾಕಷ್ಟು ಮಂದಿ ಇದ್ದೇವೆ. ಬಸ್ ಚಾರ್ಜನ್ನೂ ಕೇಳದೆ ಬರಲು ನಾನು ತಯಾರು. ಪತ್ರ ತಲುಪಿದರೆ ಸಾಕು.

— ನಿವೃತ್ತ ಶಿರಸ್ತೇದಾರ, ಪೊನ್ನಂಪೇಟೆ