ಪಾಪ್ಲರ್ ಹೋರಾಟವೂ ತಿಳಿಯಲಿ

ಬ್ರಿಟನ್ನಿನ ರಾಜಕಾರಣದ ಬಗೆಗಿನ ಬರಹಗಳಲ್ಲಿ ಚರ್ಚಿಲ್, ಥ್ಯಾಚರ್ ಅವರಿಗೆ ಸಿಗುವ ಜಾಗ ಲೇಬರ್ ಪಕ್ಷದ ನಾಯಕ ಜಾರ್ಜ್ ಲ್ಯಾನ್ಸ್‌ಬರಿ ಅವರಂಥವರಿಗೆ ಸಿಗುತ್ತಿಲ್ಲ. ಕಲ್ಲಿದ್ದಲು ಇಳಿಸಿ, ಸಾಮಿಲ್ಲಿನಲ್ಲಿ ದುಡಿದು ಬೆಳೆದ ಅವರು 1921ರಲ್ಲಿ ಪೂರ್ವ ಲಂಡನ್ನಿನ ಪಾಪ್ಲರ್‌ನ ಮುಂಚೂಣಿಯ ಹೋರಾಟಗಾರ. ನಿರುದ್ಯೋಗಿಗಳೇ ತುಂಬಿದ್ದ ಊರಿಗೆ ಶ್ರೀಮಂತ ಬಡಾವಣೆಗಳಿಗಿಂತ ಭಾರವಾದ ಕರದ ಹೊರೆ ಯಾಕೆ ಎಂದು ಪ್ರಶ್ನಿಸಿ, ಇಡೀ ಲಂಡನ್ನಿನ ಆಡಳಿತ ಮಂಡಳಿಯಾದ ಲಂಡನ್ ಕೌಂಟಿ ಕೌನ್ಸಿಲ್‌ಗೆ ಹಣ ಕಟ್ಟಲು ನಿರಾಕರಿಸಿದ, ಲ್ಯಾನ್ಸ್‌ಬರಿ ಸೇರಿದಂತೆ ಪಾಪ್ಲರ್ ಕೌನ್ಸಿಲ್ಲಿನ 30 ಸದಸ್ಯರು ಜೈಲು ಸೇರಿದರು. ಹಾಲೊವೆ ಜೈಲಿನಲ್ಲಿದ್ದ ಸದಸ್ಯೆಯರನ್ನು ಬ್ರಿಕ್ಸ್‌ಟನ್ ಜೈಲಿಗೆ ಕರೆತಂದು ಅಲ್ಲಿಯೇ ಕೌನ್ಸಿಲ್ ಸಭೆ ನಡೆಸಿದರು! ಕೊನೆಗೆ ಸರ್ಕಾರವೇ ಮಣಿದು, ಬಡವರ ಪರಿಹಾರದ ವೆಚ್ಚವನ್ನು ಇಡೀ ಲಂಡನ್ ಹಂಚಿಕೊಳ್ಳುವ ಕಾನೂನು ತಂದಿತು. ತಮ್ಮ ಭಾನುವಾರದ ಪುರವಣಿಯಲ್ಲಿ ಈ ಹೋರಾಟದ ಪೂರ್ಣ ಕಥೆಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಶಿವಮೊಗ್ಗ