ಮಧ್ಯಾಹ್ನವೂ ಚರ್ಚಿನ ಬಾಗಿಲು ತೆರೆದಿರಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು, ಕೈಲಾಗದವರು ಕೈಮುಗಿಯುತ್ತಾರೆ ಅಂತ. ಕಷ್ಟ ಬಂದಾಗ ಮಾತ್ರ ದೇವರ ನೆನಪಾಗುವವರ ಮೇಲೆ ಅವರಿಗೆ ಸಿಟ್ಟಿದ್ದ ಹಾಗಿದೆ. ಓದಿ ನನಗೇನೂ ಕೋಪ ಬರಲಿಲ್ಲ, ಮಾತು ಸರಿಯೇ ಅಲ್ವಾ ಅನಿಸಿತು. ನಾನು ಕೈಮುಗಿದದ್ದೂ ಕೈಲಾಗದೆ ಇದ್ದಾಗಲೇ. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಅಂತ ಮಾತ್ರ ನನಗೆ ಗೊತ್ತಾಗಲಿಲ್ಲ.

ನನ್ನ ಮಗ ಹಡಗಿನಲ್ಲಿದ್ದಾನೆ, ಎಂಜಿನ್ ರೂಮಿನ ಕೆಲಸ. 2023ರ ನವೆಂಬರ್ 19ರಂದು ಕೆಂಪು ಸಮುದ್ರದಲ್ಲಿ ಯೆಮನ್‌ನ ಬಂಡುಕೋರರಾದ ಹೂತಿಗಳು ಹೆಲಿಕಾಪ್ಟರಿನಿಂದ ಇಳಿದು ಗ್ಯಾಲಕ್ಸಿ ಲೀಡರ್ ಎಂಬ ಹಡಗನ್ನು ಹಿಡಿದರಲ್ಲ, ಆ ವಿಡಿಯೋ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಅದೇ ವಾರ ಬಂದಿತ್ತು. ಆಮೇಲೆ ಎಷ್ಟೋ ಹಡಗುಗಳು ಆ ದಾರಿ ಬಿಟ್ಟು ಇಡೀ ಆಫ್ರಿಕಾ ಸುತ್ತಿಕೊಂಡು ಹೋಗತೊಡಗಿದವು. ನಮ್ಮವನ ಹಡಗನ್ನೂ ತಿರುಗಿಸುತ್ತಾರೆ ಅಂತ ಕಾದೆವು. ತಿರುಗಿಸಲಿಲ್ಲ. 2024ರ ಜನವರಿ 11, ಗುರುವಾರ ರಾತ್ರಿ ಅವನ ಮೆಸೇಜ್ ಬಂತು, ಎರಡು ಮೂರು ದಿನ ನೆಟ್ ಇರುವುದಿಲ್ಲ, ಹೆದರಬೇಡಿ ಅಂತ. ಬೆಳಿಗ್ಗೆ ಎದ್ದು ಟಿವಿ ಹಾಕಿದರೆ ಅಮೆರಿಕ ಮತ್ತು ಬ್ರಿಟನ್ ಯೆಮನ್ ಮೇಲೆ ಬಾಂಬು ಹಾಕಿವೆ.

ಹಡಗು ಎಲ್ಲಿದೆ ಅಂತ ತೋರಿಸುವ ಆಪ್ ಒಂದಿದೆ, ಪಕ್ಕದ ಮನೆಯ ಹುಡುಗ ನನ್ನ ಫೋನಿಗೆ ಹಾಕಿಕೊಟ್ಟಿದ್ದ. ತೆಗೆದು ನೋಡಿದರೆ ಹಡಗೇ ಇಲ್ಲ. ಹೋದ ಬಾರಿ ಕಂಡದ್ದು ಒಂಬತ್ತು ಗಂಟೆ ಹಿಂದೆ ಅಂತ ಬರೆದಿತ್ತು, ಸ್ವಲ್ಪ ಹೊತ್ತಿಗೆ ಹತ್ತಾಯಿತು, ಹನ್ನೊಂದಾಯಿತು. ಅಪಾಯದ ಜಾಗದಲ್ಲಿ ಹಡಗು ಎಲ್ಲಿದೆ ಅಂತ ತಿಳಿಸುವ ಯಂತ್ರವನ್ನು ಹಡಗಿನವರೇ ಆಫ್ ಮಾಡಿಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಅವತ್ತು ಗೊತ್ತಿರಲಿಲ್ಲ. ನಾನು ಕಳಿಸಿದ ಮೆಸೇಜಿಗೆ ಒಂದೇ ಟಿಕ್.

ಮನೆಯಲ್ಲಿ ಕೂರಲಾಗದೆ ಮಧ್ಯಾಹ್ನ ಬಸ್ಸು ಹಿಡಿದು ಪೇಟೆಗೆ ಬಂದು ಒಂದು ಚರ್ಚಿಗೆ ಹೋದೆ. ಬೀಗ. ವಾಚ್‌ಮನ್ ಪಾಪ ಒಳ್ಳೆಯವ, ಸಂಜೆ ಪೂಜೆಗೆ ತೆಗೆಯುತ್ತೇವಮ್ಮ, ಕಳ್ಳರ ಕಾಟ, ಏನು ಮಾಡುವುದು ಅಂದ. ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬರು ಬಂದರು, ಕೈಯಲ್ಲಿ ಆಸ್ಪತ್ರೆಯ ಸ್ಕ್ಯಾನಿನ ದೊಡ್ಡ ಕವರು, ಹಣೆಯಲ್ಲಿ ಕುಂಕುಮ. ಬೀಗ ನೋಡಿದರು, ಬಾಗಿಲಿಗೆ ಅಂಗೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು ವಾಪಸ್ ಹೋದರು. ಒಂದು ಮಾತೂ ಆಡಲಿಲ್ಲ.

ಪ್ರಾರ್ಥನೆ ಎಂದರೆ ದೇವರ ಹತ್ತಿರ ಮನಸ್ಸು ಬಿಚ್ಚಿ ಮಾತಾಡುವುದು ಅಂತ ಹೇಳುತ್ತಾರೆ. ಸತ್ಯವಾಗಿ ಹೇಳುತ್ತೇನೆ, ನನಗೆ ಅವತ್ತು ಒಂದು ಮಾತೂ ಬರಲಿಲ್ಲ. ರಾತ್ರಿ ತೆರ್ಸಿಗೆ, ಅಂದರೆ ಜಪಮಾಲೆಯ ಪ್ರಾರ್ಥನೆಗೆ, ಕೂತಾಗ ಮಾತ್ರ ಬಾಯಿ ತಾನಾಗಿಯೇ ತೆರೆಯಿತು. ‘ನಮಾನ್ ಮರಿಯೆ’ ಎಂಬ ಮರಿಯಮ್ಮನ ಜಪ ಹೇಳಲು ಯೋಚನೆ ಬೇಡವಲ್ಲ, ಸಣ್ಣಂದಿನ ಬಾಯಿಪಾಠ. ಬರೀ ಬಾಯಿಪಾಠ ಎಂದು ಹೀಯಾಳಿಸುವವರು ನಮ್ಮವರಲ್ಲೇ ಇದ್ದಾರೆ. ಈಜು ಬರುವವರು ನೀರಿಗೆ ಬಿದ್ದರೆ ಯೋಚನೆ ಮಾಡಿ ಕೈಕಾಲು ಆಡಿಸುತ್ತಾರಾ ಮಾರಾಯ್ರೆ? ನನ್ನದು ಅತ್ತೆಯ ಹಳೆಯ ಜಪಮಾಲೆ. ಹತ್ತು ಹತ್ತು ಮಣಿಗಳ ಐದು ಗುಂಪುಗಳಲ್ಲಿ ಮೂರನೆಯದರ ಒಂದು ಮಣಿ ಬಿದ್ದುಹೋಗಿ ಅಲ್ಲಿ ತಾಮ್ರದ ತಂತಿ ಸುತ್ತಿದ್ದಾರೆ. ಅದು ಬೆರಳಿಗೆ ಚುಚ್ಚಿದಾಗ ಅರ್ಧ ದಾಟಿತು ಅಂತ ಗೊತ್ತಾಗುತ್ತದೆ.

ಅದೇ ಜಪಮಾಲೆ 1990ರಲ್ಲೂ ನಮ್ಮ ಮನೆಯಲ್ಲಿ ಓಡಿತ್ತು. ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗ ನನ್ನ ಗಂಡ ಅಲ್ಲಿದ್ದರು. ಈಗಿನ ಹಾಗೆ ಒಂದು ಟಿಕ್ಕೂ ಇಲ್ಲ, ಮನೆಗೆ ಫೋನೇ ಇರಲಿಲ್ಲ. ರೇಡಿಯೋ ಒಂದೇ. ಮಂಗಳೂರು, ಉಡುಪಿ ಕಡೆಯ ಎಷ್ಟು ಮನೆಗಳಲ್ಲಿ ಇದೇ ಕತೆ ಅಂತ ನಿಮಗೆ ಗೊತ್ತೇ ಇದೆ. ನಮ್ಮ ಅತ್ತೆ, ನಾವು ಮಾಂಯ್ ಅನ್ನುತ್ತಿದ್ದೆವು, ದಿನಾ ಏಳು ಗಂಟೆಗೆ ತೆರ್ಸು ಶುರು ಮಾಡುತ್ತಿದ್ದರು. ನಡುವೆ ಒಮ್ಮೊಮ್ಮೆ ನಿಲ್ಲಿಸಿ ಮಾತೆ ಮರಿಯಮ್ಮನನ್ನು ಜೋರು ಮಾಡುತ್ತಿದ್ದರು: ‘ನಿನಗೂ ಮಗನೊಬ್ಬ ಇದ್ದನಲ್ಲ, ನಾನು ಬಿಡಿಸಿ ಹೇಳಬೇಕಾ?’ ಆಮೇಲೆ ಏನೂ ಆಗದವರ ಹಾಗೆ ಮುಂದಿನ ಮಣಿ. ಪಕ್ಕದ ಬ್ಯಾರಿ ಮುಸ್ಲಿಮರ ಮನೆಯ ತಾಯಿ, ಅವರ ತಮ್ಮನೂ ಕುವೈತಿನಲ್ಲೇ, ಬೇಲಿಯ ಆಚೆಯಿಂದ ಹೇಳುತ್ತಿದ್ದರು, ನೀವು ನಿಮ್ಮಲ್ಲಿ ಕೇಳಿ, ನಾನು ನಮ್ಮಲ್ಲಿ ಕೇಳುತ್ತೇನೆ ಅಂತ. 1,70,000ಕ್ಕೂ ಜಾಸ್ತಿ ಭಾರತೀಯರನ್ನು ವಿಮಾನದಲ್ಲಿ ಕರೆತಂದರಲ್ಲ, ಅದರಲ್ಲಿ ನಮ್ಮವರೂ ಆ ತಮ್ಮನೂ ಅಮ್ಮಾನ್ ದಾರಿಯಾಗಿ ಬೊಂಬಾಯಿಗೆ ಬಂದು ಮುಟ್ಟಿದರು.

ಮಾಂಯ್‌ಗೆ ಓದು ಬರುತ್ತಿರಲಿಲ್ಲ. ಆದರೆ ಅವರು ಮಾಡಿದ ಜಗಳ ಬೈಬಲಿನಲ್ಲೇ ಇದೆ. 13ನೆಯ ಕೀರ್ತನೆ ತೆಗೆದು ನೋಡಿ, ‘ಇನ್ನೆಷ್ಟರವರೆಗೆ’ ಎಂದು ನಾಲ್ಕು ಸಲ ದೇವರನ್ನೇ ಕೇಳುತ್ತದೆ. 88ನೆಯದು ಇನ್ನೂ ಕಷ್ಟ, ಕತ್ತಲೆ ಎಂಬ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನವೂ ಇಲ್ಲ. ಯೇಸುವೇ ಶಿಲುಬೆಗೆ ಏರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಈ ಕಷ್ಟವೊಂದು ನನ್ನಿಂದ ತಪ್ಪಲಿ ಅಂತ ಬೇಡಿದರು. ತಪ್ಪಲಿಲ್ಲ. ಜೊತೆಗೆ ಎಚ್ಚರವಾಗಿರಿ ಎಂದು ಕೇಳಿಕೊಂಡರೆ ಶಿಷ್ಯರು ನಿದ್ದೆ ಹೊಡೆದರು. ಶುಕ್ರವಾರದ ತೆರ್ಸಿನಲ್ಲಿ ಮೊದಲು ಧ್ಯಾನಕ್ಕೆ ಬರುವುದೇ ಆ ತೋಟ. ಜನವರಿ 12 ಕೂಡ ಶುಕ್ರವಾರವೇ ಆಗಿತ್ತು.

ಭಾನುವಾರ ಬೆಳಿಗ್ಗೆ ಎರಡು ಟಿಕ್ ಬಂತು, ಹಿಂದೆಯೇ ಒಂದು ಮೆಸೇಜ್: ‘ಮಮ್ಮಿ, ಊಟ ಆಯ್ತಾ?’ ಬೆಳಿಗ್ಗೆ ಏಳು ಗಂಟೆಗೆ ಯಾರಾದರೂ ಊಟ ಮಾಡುತ್ತಾರಾ.

ಇದನ್ನು ಕೇಳಿದ ಒಂದು ಪ್ರಾರ್ಥನಾಕೂಟದವರು ಬಂದು ಸಾಕ್ಷಿ ಹೇಳಿ ಅಂದರು, ನಿಮ್ಮ ನಂಬಿಕೆ ಮಗನನ್ನು ಉಳಿಸಿತು ಅಂತ ಹೇಳಿ ಅಂದರು. ಆಗಲ್ಲ ಅಂದೆ. ಗ್ಯಾಲಕ್ಸಿ ಲೀಡರಿನ 25 ಮಂದಿ ಆಗ ಇನ್ನೂ ಸೆರೆಯಲ್ಲಿದ್ದರು, ಬಿಡುಗಡೆಯಾದದ್ದು 2025ರ ಜನವರಿಯಲ್ಲಿ. ಅವರಲ್ಲಿ ಜಾಸ್ತಿ ಜನ ಫಿಲಿಪ್ಪೀನ್ಸಿನವರು. 2024ರ ಮಾರ್ಚಿನಲ್ಲಿ ಟ್ರೂ ಕಾನ್ಫಿಡೆನ್ಸ್ ಎಂಬ ಹಡಗಿಗೆ ಕ್ಷಿಪಣಿ ಬಡಿದು ಮೂವರು ಸತ್ತರು, ಅದರಲ್ಲೂ ಇಬ್ಬರು ಅಲ್ಲಿಯವರೇ. ಆ ದೇಶದ ತುಂಬಾ ನಮ್ಮ ಹಾಗೆ ಜಪಮಾಲೆ ಹಿಡಿಯುವ ತಾಯಂದಿರು. ಅವರ ನಂಬಿಕೆ ನನ್ನದಕ್ಕಿಂತ ಕಡಿಮೆ ಇತ್ತು ಅಂತ ಮೈಕ್ ಹಿಡಿದು ಹೇಳಲು ನನಗೆ ಬಾಯಿ ಬರುವುದಿಲ್ಲ. ಮಗ ಯಾಕೆ ಬಂದ ಅಂತ ನನಗೆ ಗೊತ್ತಿಲ್ಲ. ಆ ಮೂರು ದಿನ ನಾನು ಒಬ್ಬಳೇ ಇರಲಿಲ್ಲ ಅಂತ ಮಾತ್ರ ಗೊತ್ತು. ಕೈಲಾಗದವರು ಕೈಮುಗಿಯುತ್ತಾರೆ ಎಂದು ಬರೆದವರಿಗೆ ನಾನು ಹೇಳಬಹುದಾದದ್ದು ಇಷ್ಟೇ. ಜನರಿಗೆ ಸಹಾಯ ಮಾಡುವ ಶಕ್ತಿ ಇದ್ದೂ ಬರೀ ಪ್ರಾರ್ಥಿಸುತ್ತೇನೆ ಎಂದು ಜಾರಿಕೊಳ್ಳುವವರ ಬಗ್ಗೆ ಅವರು ಸಿಟ್ಟಾದರೆ ನಾನೂ ಅವರ ಕಡೆಯೇ.

ಈ ಪತ್ರ ಬರೆದದ್ದು ನಿಜಕ್ಕೂ ಇನ್ನೊಂದು ವಿಷಯಕ್ಕೆ. ಮಂಗಳೂರು ಆಸ್ಪತ್ರೆಗಳ ಊರು. ಕಾಸರಗೋಡು, ಶಿವಮೊಗ್ಗ, ಕಾರವಾರದಿಂದ ರೋಗಿಯ ಜೊತೆ ಬಂದವರು ಐಸಿಯು ಹೊರಗೆ ಕೂತು ಕೂತು, ಮಧ್ಯಾಹ್ನ ಒಂದು ಗಳಿಗೆ ಎಲ್ಲಾದರೂ ಸುಮ್ನೆ ಕೂತು ಬರೋಣ ಅಂದರೆ ಎಲ್ಲಿಗೆ ಹೋಗಬೇಕು? ಪೇಟೆಯ ಚರ್ಚುಗಳಲ್ಲಿ ಮಧ್ಯಾಹ್ನ ಬೀಗ ಹಾಕುವವರಿದ್ದರೆ ದಯವಿಟ್ಟು 1ರಿಂದ 4ರವರೆಗೆ ಒಂದು ಬಾಗಿಲಾದರೂ ತೆರೆದಿಡಿ. ಲೈಟು ಬೇಡ, ಫ್ಯಾನೂ ಬೇಡ. ಕಳ್ಳರ ಭಯವಿದ್ದರೆ ಕಾಣಿಕೆ ಡಬ್ಬಿ ಒಳಗಿಡಿ. ಕಾವಲಿಗೆ ಜನ ಇಲ್ಲ ಅನ್ನುವುದಾದರೆ ಬುಧವಾರ, ಶುಕ್ರವಾರ ನಾನು ಬಂದು ಕೂರುತ್ತೇನೆ, ಮನೆಯಿಂದ ಒಂದೇ ಬಸ್ಸು.

ಒಬ್ಬ ಓದುಗಿ, ಕುಲಶೇಖರ, ಮಂಗಳೂರು